ಸಂಪಾದಕರ ಉತ್ತರ: ಹೊರಡುವ ಸಾಮಾನಿಗೆ ಒಂದು ವಿಳಾಸ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಎಂಬತ್ತರ ದಶಕದಲ್ಲಿ ಕಟ್ಟಿಸಿದ ಮನೆ. ನನಗೆ ಐವತ್ತೈದು, ಅತ್ತೆಗೆ ಎಂಬತ್ತು ದಾಟಿದೆ. ಅಟ್ಟ, ಮೂರು ಟ್ರಂಕು, ಎರಡು ಬೀರು ತುಂಬಿ ಈಗ ಟೆರೇಸಿಗೆ ಹೋಗುವ ಮೆಟ್ಟಿಲ ಕೆಳಗೂ ಸಾಮಾನು ಬಂದಿದೆ. ಪ್ರತಿ ದೀಪಾವಳಿಗೆ ಎಲ್ಲ ಇಳಿಸಿ, ಧೂಳು ಹೊಡೆದು, ಮತ್ತೆ ಏರಿಸುತ್ತೇನೆ. ಕಳೆದ ಸಲ ಇಳಿಸಿದ್ದು ನಾಲ್ಕು ದಿನ ನಡುಮನೆಯಲ್ಲೇ ಬಿದ್ದಿತ್ತು. ತೂತಾದ ಬಚ್ಚಲ ಹಂಡೆಯನ್ನು ಗುಜರಿಗೆ ಹಾಕೋಣ ಅಂದದ್ದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ. ಹೊರದೇಶದಲ್ಲಿರುವ ಮಗ 'ಒಂದು ಟೆಂಪೊ ಕರೆಸಿ ಎಲ್ಲಾ ಕಳಿಸಿಬಿಡಮ್ಮ' ಅನ್ನುತ್ತಾನೆ. ನನಗೆ ಮೊದಲಿನ ಶಕ್ತಿ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಮುಗಿಯುತ್ತದೆಯೇ? ಎಲ್ಲಿಂದ ಶುರು ಮಾಡಲಿ?"

ಪ್ರಿಯ ಸೋದರಿ,

ಮುಗಿಯುತ್ತದೆ. ಸ್ವಲ್ಪ ಸ್ವಲ್ಪ ಮಾಡಿದರೆ ಮಾತ್ರ ಮುಗಿಯುತ್ತದೆ ಎಂದೇ ನಾನು ಹೇಳುತ್ತೇನೆ. ನಿಮಗೆ ಶಕ್ತಿ ಕಡಿಮೆಯಾಗಿದೆ ಎಂಬ ಕಾರಣಕ್ಕಲ್ಲ. ಇಪ್ಪತ್ತೈದರ ಹುಡುಗಿಗೂ ಇದನ್ನೇ ಹೇಳುತ್ತಿದ್ದೆ.

ಹಬ್ಬದ ಹಿಂದಿನ ವಾರ ನಮ್ಮ ಮನೆಗಳಲ್ಲಿ ಆಗುವುದನ್ನು ಒಮ್ಮೆ ನೋಡಿ. ಸಾಮಾನು ಕೆಳಗಿಳಿಯುತ್ತದೆ, ಧೂಳು ಹೋಗುತ್ತದೆ, ಮತ್ತೆ ಮೇಲೇರುತ್ತದೆ. ಹೊಸಿಲು ದಾಟುವುದು ಬಹಳ ಕಡಿಮೆ. ನಾಲ್ಕು ದಿನ ನಿಮ್ಮ ನಡುಮನೆಯಲ್ಲಿ ಬಿದ್ದಿದ್ದ ಒಂದೊಂದು ವಸ್ತುವನ್ನು ಕೈಗೆತ್ತಿಕೊಂಡಾಗಲೂ "ಇದನ್ನು ಎಲ್ಲಿಗೆ ಕಳಿಸಲಿ?" ಎಂಬ ಪ್ರಶ್ನೆ ಎದ್ದಿರಬೇಕು. ಹಳೆಯ ಮಿಕ್ಸಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಒಡೆದ ಗಾಜಿನ ದೇವರ ಪಟವನ್ನು ಎಲ್ಲಿಡುವುದು? ಉತ್ತರ ಸಿಗದ ವಸ್ತು ಅಟ್ಟಕ್ಕೇ ಹೋಗುತ್ತದೆ. ಒಂದೇ ದಿನ ಅಂಥ ಇನ್ನೂರು ಪ್ರಶ್ನೆ ಎದುರಾದರೆ ಯಾರಿಗಾದರೂ ಸಾಕಾಗಿಹೋಗುತ್ತದೆ. ದಿನಕ್ಕೆ ನಾಲ್ಕೈದಾದರೆ ಉತ್ತರ ಹುಡುಕಬಹುದು.

ನಿಮ್ಮ ಅತ್ತೆಯವರು ಮನೆ ನಡೆಸಿದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಆಗ ಪ್ರತಿ ವಸ್ತುವಿಗೂ ಒಂದು ಮುಂದಿನ ಮನೆ ಇತ್ತು. ಹಳೆಯ ಸೀರೆ, ಪಂಚೆ ಕೌದಿಯಾಗುತ್ತಿದ್ದವು. ಕೌದಿಗೂ ಬಾರದ ಚಿಂದಿ ಒಲೆಯ ಪಾತ್ರೆ ಇಳಿಸಲು, ನೆಲ ಒರೆಸಲು. ಮುರಿದ ಮರ ಬಚ್ಚಲ ಒಲೆಗೆ. ತರಕಾರಿ ಸಿಪ್ಪೆ, ಬೂದಿ ಹಿತ್ತಿಲ ಗೊಬ್ಬರದ ಗುಂಡಿಗೆ. ಹಿತ್ತಾಳೆ ಪಾತ್ರೆ ಕಲಾಯಿಯವನ ಕೈಗೆ ಹೋಗಿ ಹೊಸದಾಗಿ ಬರುತ್ತಿತ್ತು. ಚಪ್ಪಟೆಯಾದ ಹತ್ತಿ ಹಾಸಿಗೆಯನ್ನು ಪಿಂಜಾರರು ಬಂದು ಹಿಂಜಿ, ತುಂಬಿ, ಹೊಲಿದು ಕೊಡುತ್ತಿದ್ದರು; ಹತ್ತಿ ಮಿಲ್ಲುಗಳ ಊರಾದ ದಾವಣಗೆರೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಈಗ ಹಿತ್ತಿಲು ಹೋಗಿ ಕಾರು ನಿಲ್ಲಿಸುವ ಜಾಗವಾಗಿದೆ, ಬಚ್ಚಲ ಒಲೆ ಹೋಗಿ ಗೀಸರ್ ಬಂದಿದೆ. ಹೊರಹೋಗುವ ಬಾಗಿಲುಗಳು ಮುಚ್ಚಿದವು. ಒಳಬರುವುದು ಹತ್ತು ಪಟ್ಟಾಯಿತು. ಅಟ್ಟ ತುಂಬಿದ್ದಕ್ಕೆ ನಿಮ್ಮ ಸೋಮಾರಿತನವೂ ಕಾರಣವಲ್ಲ, ಅತ್ತೆಯ ಹಟವೂ ಕಾರಣವಲ್ಲ.

ಹಾಗಾಗಿ ನನ್ನ ಸಲಹೆ ಒಂದೇ: ಯಾವುದನ್ನು ಬಿಡಬೇಕು ಎಂದು ಯೋಚಿಸುವ ಮುಂಚೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತುಮಾಡಿಕೊಳ್ಳಿ. ನಿಮ್ಮ ಬೀದಿಗೆ ಒಣ ಕಸದ ಗಾಡಿ ಯಾವ ದಿನ ಬರುತ್ತದೆ? ಹತ್ತಿರದ ರದ್ದಿ ಅಂಗಡಿಯವರು ಏನೇನು ಕೊಳ್ಳುತ್ತಾರೆ, ಏನು ಬೇಡ ಅನ್ನುತ್ತಾರೆ? ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಇನ್ನೂ ಬರುತ್ತಾರೆಯೇ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಸಿಕ್ಕಿಸಿ. ಒಣ ಕಸದ ಗಾಡಿ ಬರುವ ಹಿಂದಿನ ಸಂಜೆ ಕಾಲು ಗಂಟೆ ಕೂತು ಒಂದು ಡ್ರಾಯರ್ ನೋಡಿ. ಬೆಳಿಗ್ಗೆ ಅದು ಹೋಗಿರುತ್ತದೆ. ಒಂದು ಸಲಕ್ಕೆ ಎಷ್ಟು ತೆಗೆಯಬೇಕೆಂದು ಕೇಳಿದರೆ, ಮರುದಿನದೊಳಗೆ ಹೊಸಿಲು ದಾಟಿಸಬಹುದಾದಷ್ಟು ಮಾತ್ರ. ಅದಕ್ಕಿಂತ ಹೆಚ್ಚು ತೆಗೆದರೆ ಮತ್ತೆ ನಡುಮನೆ ತುಂಬುತ್ತದೆ, ನಿಮ್ಮ ಮನಸ್ಸೂ ಕುಗ್ಗುತ್ತದೆ.

ಶುರು ಎಲ್ಲಿಂದ? ಔಷಧದ ಡಬ್ಬದಿಂದ. ಅದರ ಮೇಲೆ ಯಾರಿಗೂ ಮಮಕಾರವಿಲ್ಲ, ಆದರೆ ಮನೆಯಲ್ಲಿ ಅತ್ಯಂತ ಅಪಾಯದ ಮೂಲೆ ಅದು. ವಯಸ್ಸಾದವರಿರುವ ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಡೋಸ್ ಆಗಾಗ ಬದಲಾಗುತ್ತದೆ. ಹಳೆಯ ಸ್ಟ್ರಿಪ್ ಡಬ್ಬದಲ್ಲೇ ಉಳಿದು, ಕರೆಂಟಿಲ್ಲದ ರಾತ್ರಿ ಅದೇ ಕೈಗೆ ಬಂದರೆ? ಮುಚ್ಚಳ ತೆರೆದು ತಿಂಗಳಾದ ಕಣ್ಣಿನ ಡ್ರಾಪ್ಸ್ ಅನ್ನು, ಬಾಟಲಿಯ ಮೇಲಿನ ತಾರೀಖು ಇನ್ನೂ ಮುಂದಿದ್ದರೂ, ಮತ್ತೆ ಬಳಸಬೇಡಿ. ಅವಧಿ ಮೀರಿದ ಔಷಧ, ಇಂಜೆಕ್ಷನ್ ಸೂಜಿ, ಬ್ಯಾಟರಿ ಸೆಲ್, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಒಡೆದ ಥರ್ಮಾಮೀಟರ್ ಇವನ್ನೆಲ್ಲ 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸ ಎಂದು ಹಸಿ ಕಸ, ಒಣ ಕಸ ಎರಡರಿಂದಲೂ ಬೇರೆಯಾಗಿಟ್ಟವು. ಸೂಜಿಗಳನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ "ಸೂಜಿ" ಎಂದು ಕನ್ನಡದಲ್ಲಿ ಬರೆದು ಕೊಡಿ. ಕಸ ವಿಂಗಡಿಸುವವರು ಬರಿಗೈಯಲ್ಲಿ ಕೆಲಸ ಮಾಡುತ್ತಾರೆ.

ಆಮೇಲೆ ಟೆರೇಸು ಮತ್ತು ಮೆಟ್ಟಿಲ ಕೆಳಗಿನ ಜಾಗ. ಮಳೆಗಾಲಕ್ಕೆ ಮುಂಚೆ ಅದನ್ನು ಮುಗಿಸಿಬಿಡಿ. ಒಡೆದ ಬಕೆಟ್ಟು, ಹಳೆಯ ಟೈರು, ಹೂಕುಂಡದ ತಟ್ಟೆ, ಪೇಂಟಿನ ಡಬ್ಬ, ಇವುಗಳಲ್ಲಿ ನಿಂತ ತಿಳಿನೀರಿನಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು. ನೀರು ಆರಿದರೂ ಡಬ್ಬದ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಮಳೆಗೆ ಒಡೆಯುತ್ತದೆ. ಬೋರಲು ಹಾಕಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ದಂಡದ ಮಾತು ಹಾಗಿರಲಿ, ಮನೆಯಲ್ಲಿ ಎಂಬತ್ತು ದಾಟಿದವರಿದ್ದಾರೆ.

ಪೇಪರು, ರಟ್ಟು, ಹಾಲಿನ ಕವರು, ಖಾಲಿ ಬಾಟಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರದ್ದಿಯವರು ಒಯ್ಯುತ್ತಾರೆ. ಹಾಲಿನ ಕವರನ್ನು ತೊಳೆದು ಒಣಗಿಸಿ ಕೊಟ್ಟರೆ ಅದಕ್ಕೂ ಬೆಲೆ ಉಂಟು. ರಟ್ಟಿನ ಡಬ್ಬಗಳನ್ನು ಮಾತ್ರ "ಮುಂದೆ ಮನೆ ಬದಲಿಸುವಾಗ ಬೇಕಾಗುತ್ತದೆ" ಎಂದು ಇಟ್ಟುಕೊಳ್ಳಬೇಡಿ. ಜಿರಲೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ.

ದೇವರ ಪಟಗಳ ವಿಷಯಕ್ಕೆ ಬರುತ್ತೇನೆ. ನೀವು ಬರೆದಿಲ್ಲ, ಆದರೆ ನಿಮ್ಮ ಅಟ್ಟದಲ್ಲಿ ಖಂಡಿತ ಇರುತ್ತವೆ. ಗಾಜು ಸೀಳಿದ ವೆಂಕಟೇಶ್ವರ, ಮಾಸಿದ ಲಕ್ಷ್ಮಿ, ವರ್ಷ ವರ್ಷದ ಕ್ಯಾಲೆಂಡರಿನ ದೇವರುಗಳು, ಗಣಪತಿಯ ಚಿತ್ರವಿದೆ ಎಂದು ಎತ್ತಿಟ್ಟ ಲಗ್ನಪತ್ರಿಕೆಗಳು. ಇವನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ. ಅದಕ್ಕೇ ನಮ್ಮ ಊರೂರಿನ ಅರಳಿಕಟ್ಟೆಯ ಕೆಳಗೆ ಅವು ರಾಶಿ ಬಿದ್ದಿವೆ. ಮಳೆಗೆ ನೆನೆದು, ಗಾಜು ಚೂರಾಗಿ, ಪ್ರದಕ್ಷಿಣೆ ಹಾಕುವವರ ಕಾಲಿಗೆ ಚುಚ್ಚಿ, ಕೊನೆಗೆ ಪೌರಕಾರ್ಮಿಕರು ಬಂದು ಸಲಿಕೆಯಲ್ಲಿ ಎತ್ತುತ್ತಾರೆ. ನಾವು ಪೂಜೆ ಮಾಡಿದ ಪಟಕ್ಕೆ ಇಂಥ ಅಂತ್ಯ ತರುವುದು ನನಗೆ ಬಹಳ ನೋವಿನ ವಿಷಯ. ಮರದ ಕೆಳಗೆ ಬಿಟ್ಟುಬರುವುದು ಭಕ್ತಿಯಲ್ಲ. ಆ ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸಿದ್ದು ಅಷ್ಟೆ.

ಮನೆಯಲ್ಲೇ ಮಾಡಿ. ಒಂದು ಬೆಳಿಗ್ಗೆ ಸ್ನಾನವಾದ ಮೇಲೆ ಒಂದೋ ಎರಡೋ ಪಟ ತೆಗೆದುಕೊಂಡು, ಅತ್ತೆಯವರ ಹತ್ತಿರವೇ ಹೂವು ಹಾಕಿಸಿ, ನಮಸ್ಕಾರ ಮಾಡಿ. ಹಿಂದಿನ ಮೊಳೆ ಕಿತ್ತು ಗಾಜು, ಕಟ್ಟು, ಕಾಗದ ಬೇರೆ ಮಾಡಿ. ಕಾಗದವನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ ಕೈಯಲ್ಲಿ ಹಿಸುಕಿದರೆ ಕೆಲವು ದಿನಗಳಲ್ಲಿ ಮುದ್ದೆಯಾಗುತ್ತದೆ. ಅದನ್ನು ಯಾರೂ ತುಳಿಯದ ಗಿಡದ ಬುಡದಲ್ಲಿ ಮಣ್ಣು ಮುಚ್ಚಿ. ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಹೊರಗೆ "ಗಾಜು" ಎಂದು ಬರೆದು ಕೊಡಿ. ಕಟ್ಟು ಚೆನ್ನಾಗಿದ್ದರೆ ಅತ್ತೆ ಮಾವನವರ ಮದುವೆಯ ಫೋಟೊಗೆ ಆದೀತು. ಮಣ್ಣಿನ ಮೂರ್ತಿಯಾದರೆ ಬಕೆಟ್ಟಿನಲ್ಲೇ ಕರಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಚಿತ್ರಗಳು ಮಾತ್ರ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಇನ್ನು ಮುಂದೆ ಅಂಥವನ್ನು ಕೊಳ್ಳದಿರುವುದೇ ಮೇಲು.

ಬಟ್ಟೆಯ ಮಾತು ದೊಡ್ಡದು. ಉಡುವಂತಿರುವ ಬಟ್ಟೆಯನ್ನು ಕೊಡುವಾಗ ಒಗೆದು, ಗುಂಡಿ ಹಾಕಿ, ಮಡಿಸಿ ಕೊಡಿ. ಬೇಕೇ ಎಂದು ಮೊದಲು ಕೇಳಿ. ಮನೆಗೆಲಸದವರ ಕೈಗೆ ಹರಿದ ನೈಟಿ, ಬಣ್ಣಗೆಟ್ಟ ಪ್ಯಾಂಟು ತುರುಕಿ "ಕೊಟ್ಟೆವು" ಎಂದುಕೊಳ್ಳುವುದನ್ನು ನಾವು ನಿಲ್ಲಿಸಬೇಕು. ಅವರು ಬೇಡ ಅನ್ನಲಾರರು. ದಾರಿಯಲ್ಲಿ ಅದನ್ನು ಎಸೆಯುವ ಕೆಲಸವೂ ಅವರ ಪಾಲಿಗೇ ಬರುತ್ತದೆ. 1999ರಲ್ಲಿ ದೆಹಲಿಯಲ್ಲಿ ಶುರುವಾದ ಗೂಂಜ್ ಸಂಸ್ಥೆ ನಗರಗಳಿಂದ ಬಟ್ಟೆ ಸಂಗ್ರಹಿಸಿ ಹಳ್ಳಿಗಳಿಗೆ ತಲುಪಿಸುತ್ತದೆ. ಉಡಲಾಗದ ಹತ್ತಿ ಬಟ್ಟೆಯಿಂದ ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡ್ ಮಾಡುತ್ತದೆ. ಬೆಂಗಳೂರಿನಲ್ಲಿ ಅವರ ಕಚೇರಿ ಇದೆ. ನಿಮ್ಮ ಕಡೆ ಕೌದಿ ಹೊಲಿಯುವ ಹೆಂಗಸರು ಇನ್ನೂ ಇದ್ದಾರೆ. ಅತ್ತೆಯವರ ಹತ್ತಿ ಸೀರೆಗಳಲ್ಲಿ ಏಳೆಂಟನ್ನು ಅವರೇ ಆರಿಸಲಿ, ಮಜೂರಿ ಕೊಟ್ಟು ಒಂದು ಕೌದಿ ಹೊಲಿಸಿ. ಒಂದು ಟ್ರಂಕಿನ ಅರ್ಧ ಖಾಲಿಯಾಗುತ್ತದೆ, ಸೀರೆಗಳು ಮನೆಯಲ್ಲೇ ಉಳಿಯುತ್ತವೆ.

ರೇಷ್ಮೆ ಸೀರೆಗಳ ವಿಷಯದಲ್ಲಿ ಅವಸರ ಬೇಡ. ಹಳೆಯ ಸೀರೆಗಳ ಜರಿ ಬೆಳ್ಳಿಯದ್ದಾಗಿರಬಹುದು. ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಹಳೆಯ ಜರಿ ಸೀರೆ ಕೊಳ್ಳುತ್ತೇವೆ ಎಂದು ಬೀದಿಯಲ್ಲಿ ಕೂಗುತ್ತಾ ಬರುವವರಿಗೆ ಅದು ಚೆನ್ನಾಗಿ ಗೊತ್ತು. ಸ್ಟೀಲ್ ಡಬ್ಬಿಗೆ ಬದಲು ಅಂಥ ಸೀರೆ ಕೊಟ್ಟು ಆಮೇಲೆ ಪೇಚಾಡಿದವರು ಬೇಕಾದಷ್ಟು ಜನ. ಉಳಿಸಿಕೊಳ್ಳುವ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಮಲ್ಲು ಪಂಚೆಯಲ್ಲಿ ಸುತ್ತಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಿರಲಿ.

ಇನ್ನು ಅರಿಸಿನ ಕುಂಕುಮದ ರವಿಕೆ ಕಣಗಳು. ಒಂದು ಮನೆಯಿಂದ ಇನ್ನೊಂದಕ್ಕೆ ತಿರುಗುತ್ತಲೇ ಇರುವ, ಯಾರೂ ಹೊಲಿಸದ ತೆಳು ಪಾಲಿಯೆಸ್ಟರ್ ತುಂಡುಗಳು. ಹತ್ತಿಯವನ್ನು ಬೇರೆ ಮಾಡಿಟ್ಟುಕೊಳ್ಳಿ. ಉಳಿದವನ್ನು ಟೈಲರ್ ಹತ್ತಿರ ಕೊಟ್ಟು ಎರಡು ಪದರದ ಕೈಚೀಲ ಹೊಲಿಸಿ, ಮುಂದಿನ ವರಮಹಾಲಕ್ಷ್ಮಿಗೆ ತಾಂಬೂಲವನ್ನು ಅದರಲ್ಲೇ ಕೊಡಿ. ನಿಮ್ಮ ಮನೆಯಿಂದ ಹೊಸ ಪಾಲಿಯೆಸ್ಟರ್ ಕಣ ಹೊರಡುವುದು ನಿಂತರೆ, ನಾಲ್ಕು ಮನೆಯವರು ನೋಡಿ ನಿಲ್ಲಿಸುತ್ತಾರೆ.

ಕಾಗದಪತ್ರಕ್ಕೆ ಕೈ ಹಾಕುವಾಗ ಯಜಮಾನರೂ ಪಕ್ಕದಲ್ಲಿರಲಿ. ಕ್ರಯಪತ್ರ, ವಿಭಾಗಪತ್ರ, ಖಾತಾ, ಪಹಣಿ, ಕಂದಾಯದ ರಸೀದಿ, ಮನೆ ಸಾಲ ತೀರಿದ ಪತ್ರ, ಇವು ಎಷ್ಟೇ ಹಳೆಯದಾದರೂ ಬಿಸಾಡಬೇಡಿ. ಐವತ್ತು ವರ್ಷದ ಹಿಂದಿನ ಒಂದು ರಸೀದಿ ನಾಳೆ ನಿಮ್ಮ ಮಕ್ಕಳಿಗೆ ಬೇಕಾಗಬಹುದು. ಫ್ರಿಜ್ಜು, ಟೀವಿ ಎಂದೋ ಹೋಗಿ ಅದರ ಪುಸ್ತಿಕೆ ಮಾತ್ರ ಉಳಿದಿರುತ್ತದೆ ನೋಡಿ, ಅದು ಹೋಗಲಿ. ಬ್ಯಾಂಕಿನ ಹಾಳೆ, ಆಧಾರ್ ಜೆರಾಕ್ಸ್‌ಗಳನ್ನು ಚೂರು ಮಾಡದೆ ರದ್ದಿಗೆ ಹಾಕಬೇಡಿ. ಕೈಬರಹದ್ದು ಏನೇ ಸಿಕ್ಕಿದರೂ, ಹಾಡಿನ ಪುಸ್ತಕವಾಗಲಿ, ಅಡುಗೆಯ ಲೆಕ್ಕವಾಗಲಿ, ತಾಳೆಗರಿಯಾಗಲಿ, ಓದಿಸದೆ ಕಳಿಸಬೇಡಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ತಾಳೆಗರಿಯ ಕಟ್ಟೊಂದರಲ್ಲಿ. ಯಾರೋ ಅದನ್ನು ಒಲೆಗೆ ಹಾಕದೆ ಗ್ರಂಥಾಲಯಕ್ಕೆ ತಂದುಕೊಟ್ಟಿದ್ದರು. ನಿಮ್ಮ ಅಟ್ಟದಲ್ಲಿ ಅಂಥದ್ದೇ ಇದೆ ಎನ್ನುತ್ತಿಲ್ಲ. ಆದರೆ ಅಜ್ಜಿಯ ಕೈಬರಹದ ಹಸೆಹಾಡಿನ ನೋಟ್‌ಬುಕ್ ಇನ್ನೊಂದು ಎಲ್ಲೂ ಸಿಗುವುದಿಲ್ಲ.

ಹಳೆಯ ಡಬ್ಬಾ ಟೀವಿಯನ್ನು ಗುಜರಿಯವರಿಗೆ ಕೊಡಬೇಡಿ. ಅದರ ಗಾಜಿನಲ್ಲಿ ಸೀಸವಿದೆ. ಒಳಗಿನ ತಾಮ್ರಕ್ಕಾಗಿ ಅದನ್ನು ಒಡೆಯುವಾಗ ಧೂಳು ಆ ಹುಡುಗರ ಮೈಗೆ, ಮೂಗಿಗೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವನ್ನು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಿಸುವ ಕಂಪನಿಗಳದ್ದು. ಹೊಸದು ಕೊಳ್ಳುವ ದಿನವೇ ಹಳೆಯದನ್ನು ಒಯ್ಯುತ್ತೀರಾ ಎಂದು ಅಂಗಡಿಯವರನ್ನು ಕೇಳಿ, ಇಲ್ಲವೇ ನೋಂದಾಯಿತ ಮರುಬಳಕೆದಾರರಿಗೆ ಕೊಡಿ.

ಮಗನಿಗೆ ಹೀಗೆ ಹೇಳಿ: ಮೊದಲ ಟೆಂಪೊಗೆ ಅವನ ಕಪಾಟಿನ ಸಾಮಾನೇ ಇದೆ. ಬೇರೆ ಊರು ಸೇರಿದ ಮಕ್ಕಳು ಬಿಟ್ಟುಹೋದ ಪುಸ್ತಕ, ಬ್ಯಾಟು, ಟ್ರೋಫಿ, ಕೇಬಲ್ಲುಗಳನ್ನು ಕಾಯುವುದು ತಾಯಂದಿರ ಕೆಲಸವಾಗಬಾರದು. ಎಂಜಿನಿಯರಿಂಗ್ ಪುಸ್ತಕಗಳನ್ನು ಯಾರಾದರೂ ಹುಡುಗನಿಗೆ ಕೊಡೋಣವೆಂದು ಇಟ್ಟುಕೊಂಡಿದ್ದರೆ, ನೆನಪಿಡಿ: ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 2015, 2018, 2021, 2022ರಲ್ಲಿ ಹೀಗೆ ಪಠ್ಯಕ್ರಮ ಬದಲಿಸುತ್ತಲೇ ಬಂದಿದೆ. ಪಠ್ಯಪುಸ್ತಕವನ್ನು ಆ ವರ್ಷವೇ ದಾಟಿಸಿದರೆ ಉಪಯೋಗ. ಮುಂದಿನ ವಿಡಿಯೊ ಕರೆಯಲ್ಲಿ ಕಪಾಟಿನ ಒಂದು ಖಾನೆ ತೋರಿಸಿ, ಯಾವುದು ಬೇಕೆಂದು ಅವನೇ ಹೇಳಲಿ. ಬೇಕಾದದ್ದನ್ನು ಊರಿಗೆ ಬಂದಾಗ ಒಯ್ಯಲಿ.

ಅತ್ತೆಯವರ ವಿಷಯವನ್ನು ಇಷ್ಟು ಹೊತ್ತು ಬೇಕೆಂದೇ ಹಿಂದಿಟ್ಟಿದ್ದೆ. ಅವರ ಟ್ರಂಕಿಗೆ ನೀವಾಗಿ ಕೈ ಹಾಕಬೇಡಿ. ಅವರು ಸಂಸಾರ ಮಾಡಿದ ಕಾಲದಲ್ಲಿ ಸಕ್ಕರೆ, ಸೀಮೆಎಣ್ಣೆ ರೇಷನ್ ಕಾರ್ಡಿನಲ್ಲಿ ಅಳೆದು ಬರುತ್ತಿತ್ತು. ಗ್ಯಾಸ್ ಕನೆಕ್ಷನ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಳೆದುಕೊಂಡದ್ದು ಮತ್ತೆ ಸಿಗುವುದಿಲ್ಲ ಎಂಬುದನ್ನು ಆ ತಲೆಮಾರು ಅನುಭವಿಸಿ ಕಲಿತಿದೆ. ದಾರದ ತುಂಡು, ಖಾಲಿ ಡಬ್ಬಿ, ತೂತಾದ ಹಂಡೆ ಎತ್ತಿಟ್ಟ ಅದೇ ಕೈಗಳು ನಿಮ್ಮ ಯಜಮಾನರನ್ನು ಓದಿಸಿದವು. ಅದನ್ನು ಕಸ ಎಂದು ಕರೆದರೆ ಅವರಿಗೆ ಕೇಳಿಸುವುದು ಬೇರೆಯೇ. ಅವರ ಎರಡು ದಿನದ ಮೌನ ನನಗೆ ಅರ್ಥವಾಗುತ್ತದೆ.

ಹಂಡೆಯ ಬಗ್ಗೆ ಅವರನ್ನೇ ಕೇಳಿ. ಯಾರು ತಂದದ್ದು, ಯಾವ ವರ್ಷ, ಯಾವ ಮನೆಯಲ್ಲಿ ಇಟ್ಟಿದ್ದರು. ಆಮೇಲೆ ದಾರಿಗಳನ್ನು ಅವರ ಮುಂದೆ ಇಡಿ. ಬೆಸುಗೆ ಹಾಕಿಸಿ, ಹಳ್ಳಿಯಲ್ಲಿ ಸೌದೆ ಒಲೆಯಲ್ಲಿ ಇನ್ನೂ ನೀರು ಕಾಯಿಸುವ ಬಂಧುಗಳಿಗೆ ಕೊಡಬಹುದು. ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ, ಆ ಹಣಕ್ಕೆ ಮೊಮ್ಮಗನ ಹೆಸರು ಕೆತ್ತಿಸಿ ಒಂದು ತಾಮ್ರದ ತಂಬಿಗೆ ತರಬಹುದು. ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ಅದು ತಾಮ್ರವೇ. ಅಥವಾ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ಬಾಗಿಲ ಪಕ್ಕ ಇಟ್ಟು ತುಳಸಿ ನೆಡಬಹುದು. ತೂತು ನೀರು ಬಸಿಯಲಿಕ್ಕಾಯಿತು. ಏನಾಗಬೇಕೆಂದು ಅವರು ಹೇಳಲಿ, ಇಲ್ಲ, ಇರಲಿ ಎಂದರೆ ಇರಲಿ. ಸೇರು, ಪಾವು, ಕೊಳಗ, ಒರಳುಕಲ್ಲಿನಂಥವು ಯಾರಿಗೂ ಬೇಡವಾಗಿದ್ದರೆ ಗುಜರಿಗೆ ಹಾಕುವ ಮುಂಚೆ ರಾಮನಗರದ ಜಾನಪದ ಲೋಕದಂಥ ಸಂಗ್ರಹಾಲಯವನ್ನೊಮ್ಮೆ ವಿಚಾರಿಸಿ.

ಅವರಿಗೆ ಒಂದು ಕೆಲಸವನ್ನೂ ಕೊಡಿ, ಅವರೊಬ್ಬರೇ ಮಾಡಬಲ್ಲ ಕೆಲಸ. ಕಪ್ಪು ಬಿಳುಪು ಫೋಟೊಗಳ ಡಬ್ಬ ಇಳಿಸಿ, ಮಧ್ಯಾಹ್ನ ಕಾಫಿಯಾದ ಮೇಲೆ ನಾಲ್ಕು ಫೋಟೊ ಮುಂದಿಡಿ. ಯಾರು, ಯಾವ ಊರು, ಯಾರ ಮದುವೆ ಎಂದು ಅವರು ಹೇಳಿದಂತೆ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಹೆಸರಿಲ್ಲದ ಫೋಟೊಗಳನ್ನೇ ಮುಂದಿನ ತಲೆಮಾರು ಮೊದಲು ಬಿಸಾಡುವುದು.

ಅಟ್ಟ ಕೊನೆಗೆ. ಕೆಳಗಿನ ಡ್ರಾಯರುಗಳು, ಬೀರುಗಳು ಹಗುರಾದ ಮೇಲೆ. ಅಟ್ಟಕ್ಕೆ ನೀವು ಹತ್ತಬೇಡಿ, ಕುರ್ಚಿಯ ಮೇಲೆ ಸ್ಟೂಲ್ ಇಟ್ಟಂತೂ ಬೇಡವೇ ಬೇಡ. ಯಜಮಾನರಿಗೂ ವಯಸ್ಸಾಗಿದೆ. ಗಟ್ಟಿ ಏಣಿ, ಕೂಲಿ ಕೊಟ್ಟು ಕರೆಸಿದ ಒಬ್ಬ ಹುಡುಗ, ಮೂಗಿಗೆ ಬಟ್ಟೆ. ಒಂದು ಸಲಕ್ಕೆ ಎರಡು ಗಂಟು ಮಾತ್ರ ಇಳಿಸಲಿ. ಅವೆರಡಕ್ಕೂ ದಾರಿ ಕಂಡ ಮೇಲೆ ಇನ್ನೊಂದು ದಿನ ಬಾ ಎಂದು ಹೇಳಿ ಕಳಿಸಿ. ದೀಪಾವಳಿಯ ವಾರ ಅವನು ಸಿಗುವುದಿಲ್ಲ, ಸಂಕ್ರಾಂತಿ ಕಳೆದ ಮೇಲೆ ಕರೆಯಿರಿ. ಆಗ ಬಿಸಿಲೂ ಹಿತವಾಗಿರುತ್ತದೆ, ಇಳಿಸಿದ್ದನ್ನು ಟೆರೇಸಿನಲ್ಲಿ ಒಣಗಿಸಲೂ ಆಗುತ್ತದೆ.

— ಸಂಪಾದಕರು